ನಿಮಿಷಕ್ಕೆ ಒಂಬತ್ತು

ಏಳು ರಾತ್ರಿಪಾಳಿ ಮುಗಿಸಿ ಲೆಸ್ಟರ್ ಬಿಟ್ಟವಳು
ನಾರಿಚ್‌ನಲ್ಲಿ ಸಣ್ಣ ರೈಲು ಹಿಡಿದೆ.
ಹಳಿ ಮುಗಿದಲ್ಲಿ ಇಳಿದೆ: ಶೆರಿಂಗಮ್.
ಊರೆಂದರೆ ಇಳಿಜಾರಿನ ಒಂದು ಬೀದಿ,
ಅದರ ತುದಿಗೆ, ಯಾರೋ ಕದ ಹಾಕಲು ಮರೆತ ಹಾಗೆ,
ಸಮುದ್ರ.

"ಕೆಲಸದ ಮೇಲೆ ಬಂದಿರಾ?"
ಕೀಲಿಯ ಜೊತೆ ಉಬ್ಬರ ಇಳಿತದ ಪಟ್ಟಿಯನ್ನೂ ಕೊಡುತ್ತ
ಕೇಳಿದರು ಹಿಲ್ಡಾ ಥರ್ಟಲ್.
"ಇಲ್ಲ, ನಿದ್ದೆ ಮಾಡಲು."
ಆಕೆಗೆ ಅದೇನೂ ವಿಚಿತ್ರ ಅನಿಸಲಿಲ್ಲ.
"ಹಾಗಾದರೆ ಹಿಂದಿನ ಕೋಣೆ ತಗೊಳ್ಳಿ."
ಮುಂದಿನ ಕೋಣೆಯ ಸೂರಿನ ಮೇಲೆ ಕಡಲಹಕ್ಕಿಗಳು
ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರಂತೆ
ಆಗಲೇ ದನಿ ಏರಿಸಿದ್ದವು.

ನಿದ್ದೆ ಬರಲಿಲ್ಲ.
ಕೈ ಇನ್ನೂ ವಾರ್ಡಿನಲ್ಲೇ ಇತ್ತು,
ದಿಂಬಿನ ಮೂಲೆಯಲ್ಲಿ ಯಾರದೋ ಮಣಿಕಟ್ಟು ಹುಡುಕುತ್ತಿತ್ತು.
ಎದ್ದು, ಬೂಟು ಮೆಟ್ಟಿ, ಹೊರಬಿದ್ದೆ.

ಕಡಲದಂಡೆಯ ಉದ್ದಕ್ಕೂ ಬೆಂಚು,
ಬೆಂಚಿನ ಬೆನ್ನಿಗೆ ಹಿತ್ತಾಳೆ ತಗಡು:
ಈ ನೋಟವನ್ನು ಮೆಚ್ಚಿದ್ದ ವಿನಿಫ್ರೆಡ್‌ಗೆ.
ಗಾಳಿಯನ್ನು ಬೈಯುತ್ತಲೇ ದಿನಾ ಬಂದ ಸಿರಿಲ್‌ಗೆ.
ನಮ್ಮಲ್ಲಿ ಸ್ಟೀಲು ಕೊಡದ ಕಂಠಕ್ಕೆ ಹೆಸರು ಕೊರೆಸುತ್ತಾರೆ,
ಮದುವೆಮನೆಯಲ್ಲಿ ಅದಲುಬದಲಾಗದಿರಲಿ ಎಂದು.
ಇಲ್ಲಿಯೂ ಅದಕ್ಕೇ ಇರಬೇಕು.
ಗುರುತಿಲ್ಲದವರ ಜಗಲಿ ಹತ್ತುವಂತೆ ಅಳುಕಿ
ಸಿರಿಲ್‌ನ ಬೆಂಚಿನ ಒಂದು ತುದಿಗೆ ಕೂತೆ.
ಉಳಿದದ್ದು ಅವನಿಗೆ.

ನೀರು ದೂರ ಸರಿದಿತ್ತು.
ತುಕ್ಕು ಹಿಡಿದ ಟ್ರ್ಯಾಕ್ಟರೊಂದು ದೋಣಿಯನ್ನು
ಹಟ ಮಾಡುವ ಕರುವಿನ ಹಾಗೆ ಎಳೆದು ತರುತ್ತಿತ್ತು.
ಕಾರಿನೊಳಗೇ ಕೂತು, ಗಾಜು ಇಳಿಸದೆ,
ಫ್ಲಾಸ್ಕಿನ ಚಹಾ ಕುಡಿಯುತ್ತ ಒಬ್ಬ ಗಂಡ, ಒಬ್ಬಳು ಹೆಂಡತಿ
ಟೀವಿ ನೋಡಿದಂತೆ ಸಮುದ್ರ ನೋಡುತ್ತಿದ್ದರು.

ಅಭ್ಯಾಸಬಲ. ಗಡಿಯಾರ ತಿರುಗಿಸಿ ಎಣಿಸಿದೆ.
ಅಲೆ, ನಿಮಿಷಕ್ಕೆ ಒಂಬತ್ತು.
ಮನುಷ್ಯರ ಉಸಿರಾಗಿದ್ದರೆ
ಡಾಕ್ಟರಿಗೆ ಹೇಳುವ ಮುನ್ನ ಇನ್ನೊಮ್ಮೆ ನೋಡಬೇಕು.
ನೋಡಿದೆ. ಒಂಬತ್ತೇ.
ಒಳಗೆಳೆವಾಗ ಉರುಟುಗಲ್ಲುಗಳ ಗೊರಗೊರ,
ಬದುಕಿಡೀ ಬೀಡಿ ಸೇದಿದ ಎದೆ.
ಆದರೂ ಗಾಬರಿಯಿಲ್ಲ, ಗಂಟೆ ಒತ್ತುವುದಿಲ್ಲ,
ಮಗಳು ಬಂದಳೇ ಎಂದು ಕೇಳುವುದಿಲ್ಲ.
ಬರೆದಿಡಲು ಚಾರ್ಟೂ ಇಲ್ಲ.
ಮೂರನೆಯ ಸಲ ಆರಕ್ಕೋ ಏಳಕ್ಕೋ
ಲೆಕ್ಕ ಕೈಜಾರಿತು.

ಎಚ್ಚರವಾದಾಗ ನೀರು ಗೋಡೆಗೆ ಬಂದು ತಟ್ಟುತ್ತಿತ್ತು.
ಮರಳು ಎಂಬುದು ಎಂದೂ ಇರಲೇ ಇಲ್ಲ ಎಂಬಂತೆ.
ಕಾರು ಹೋಗಿತ್ತು. ಟ್ರ್ಯಾಕ್ಟರು ಹೋಗಿತ್ತು.
ತೊಡೆಯ ಮೇಲೆ ಹರಡಿಕೊಂಡಿದ್ದ ಪೇಪರನ್ನು
ಯಾರೋ ನೀಟಾಗಿ ನಾಲ್ಕು ಮಡಿಕೆ ಮಾಡಿ,
ಸಿರಿಲ್‌ನ ಪಾಲಿನ ಜಾಗದಲ್ಲಿಟ್ಟು,
ಹಾರದಂತೆ ಮೇಲೊಂದು ಕಲ್ಲು ಹೇರಿದ್ದರು.
ಬೂದು ಕಲ್ಲು, ನಡುವೆ ಬಿಳಿ ಗೆರೆ.

ಹನ್ನೊಂದು ವರ್ಷ
ಮಲಗಿದವರ ಸುತ್ತ ತುದಿಗಾಲಲ್ಲಿ ನಡೆದವಳು ನಾನು.
ಇವತ್ತು ನನ್ನ ಸುತ್ತ
ಯಾರೋ ತುದಿಗಾಲಲ್ಲಿ ನಡೆದಿದ್ದಾರೆ.

ರಾತ್ರಿ ಊಟಕ್ಕೆ ಹಿಲ್ಡಾ ಏಡಿ ತಂದಿಟ್ಟರು, ಚಿಪ್ಪಿನ ಸಮೇತ.
ಬಾದಾಮಿ ಕಡೆಯವಳು; ಏಡಿಯನ್ನು ನಾನು
ಪಂಚಾಂಗದ ಕರ್ಕಾಟಕದಲ್ಲಿ ಬಿಟ್ಟರೆ ಕಂಡವಳಲ್ಲ.
ಬೆಣ್ಣೆ ಸವರಿದ ಬ್ರೆಡ್ಡು ಸಾಕೆಂದೆ.
ಮೇಜಿನ ಮೇಲಿದ್ದ ಕಲ್ಲನ್ನು ಕಂಡು ಆಕೆ ಹುಬ್ಬೇರಿಸಿದರು:
"ಒಯ್ಯಬಾರದು, ತಾಯಿ. ಬಂದವರೆಲ್ಲ ಒಂದೊಂದು ಒಯ್ದರೆ
ಊರೇ ಉಳಿಯುವುದಿಲ್ಲ."

ಆಮೇಲೆ ಹತ್ತು ತಾಸು ಮಲಗಿದೆ. ಹಕ್ಕಿಗಳ ವ್ಯಾಜ್ಯ
ಯಾರ ಪರ ತೀರ್ಮಾನವಾಯಿತೋ ತಿಳಿಯದು.

ಬೆಳಿಗ್ಗೆ ಸಿರಿಲ್‌ನ ಬೆಂಚಿನಲ್ಲಿ
ಕೆಂಪು ಟೊಪ್ಪಿಗೆಯ ಮುದುಕನೊಬ್ಬ, ಬಾಯಿ ತೆರೆದು ನಿದ್ದೆ.
ಹಾರಿಹೋಗುವಂಥದ್ದು ಅವನ ಬಳಿ ಏನೂ ಇರಲಿಲ್ಲ.
ಸದ್ದಾಗದಂತೆ ದಾಟಿ, ಮೆಟ್ಟಿಲಿಳಿದು,
ಕಲ್ಲನ್ನು ಕಲ್ಲುಗಳ ನಡುವೆ ಇಟ್ಟೆ.
ಒಂದು ಗಳಿಗೆ ಯಾವುದೆಂದು ಗೊತ್ತಿತ್ತು.
ಆಮೇಲೆ ಅಲೆ ಬಂತು,
ಎಷ್ಟನೆಯದೋ.